ನೀಲವ್ವನ ಕೋಣೆಗೆ ಎಳೆದ ತಂತಿ

ಮೆಣಸಗಿ, ೧೪ ಆಗಸ್ಟ್ ೧೯೫೬, ಮಂಗಳವಾರ

ತಂಗಿ ನೀಲವ್ವ ಮಲಗಿದ್ದಾಳೆ. ನನಗೆ ಅಳುವೇ ಬರುತ್ತಿಲ್ಲ.

ಹೊಳೆ ಏರಿ ದವಾಖಾನೆಯ ದಾರಿ ಮುಚ್ಚಿತ್ತು. ಸಂಜೆ ಅವಳಿಗೆ ಹೆರಿಗೆ ನೋವು ಹೆಚ್ಚಿತು. ಚಿಮಣಿ ಬೆಳಕು ಸಾಲದೆ, ಬೀದಿಯಲ್ಲಿದ್ದ ನನ್ನ ಲಾರಿಯ ಬ್ಯಾಟರಿಯಿಂದ ಒಳಕೋಣೆಯವರೆಗೆ ತಂತಿ ಎಳೆದು ಬಲ್ಬು ಹಚ್ಚಿದೆ. ಅದು ಕೆಂಪಗೆ ಮಿಣುಕಿತು, ಅಷ್ಟೇ.

"ತಮ್ಮಾ, ಏನೂ ಕಾಣವಲ್ದು," ಎಂದಳು ಸೂಲಗಿತ್ತಿ ಗೌರವ್ವ.

ಬ್ಯಾಟರಿ ಸರಿಯಿತ್ತು. ತಂತಿ ತೆಳ್ಳಗೆ, ದೂರ ಹೆಚ್ಚು. ಕರೆಂಟಿನ ಬಲ ದಾರಿಯಲ್ಲೇ ಸವೆಯುತ್ತಿತ್ತು. ಮುಟ್ಟಿದರೆ ತಂತಿ ಬೆಚ್ಚಗಿತ್ತು. ಉಳಿದ ತಂತಿಯನ್ನೆಲ್ಲ ಎರಡೂ ಎಳೆಗಳಿಗೆ ಜೋಡಿಸಿ ಹೊಸೆದು ದಪ್ಪ ಮಾಡಿದೆ. ಕೋಣೆ ಬೆಳಗಿತು.

"ಈಗ ಚಲೋ ಕಾಣತೈತಿ," ಎಂದಳು ಗೌರವ್ವ.

ಕೂಸು ಬಂತು. ಅಳಲಿಲ್ಲ. ಗೌರವ್ವ ಎಷ್ಟು ತಟ್ಟಿದರೂ ಅಳಲಿಲ್ಲ.

"ಯವ್ವಾ, ಅದರ ಮಾರಿ ತೋರಸು," ಎಂದಳು ನೀಲವ್ವ.

ಗೌರವ್ವ ಕೂಸಿನ ಮುಖವನ್ನು ಬಲ್ಬಿನ ಕೆಳಗೆ ಹಿಡಿದು ತೋರಿಸಿದಳು. ಬಾಗಿಲಲ್ಲಿ ನಿಂತ ನನಗೂ ರೆಪ್ಪೆಗೂದಲು ಕಾಣುತ್ತಿತ್ತು. ದೀಪ ಆರಿಸಲು ಯಾರೂ ಹೇಳಲಿಲ್ಲ. ಬ್ಯಾಟರಿ ಇಳಿಯುವವರೆಗೂ ಅವಳು ನೋಡುತ್ತಲೇ ಇದ್ದಳು. ಆ ಬೆಳಕು ಹಚ್ಚಿದವನು ನಾನು.