ಹಾರೆ ಚುಚ್ಚಿದ ತೂತು

ಹಿನಕಲ್ಲಿನಲ್ಲಿ ಮಗಳ ಮನೆಯಲ್ಲಿರುವ ಮುದ್ದಮ್ಮತ್ತೆಗೆ, ಕೆಸರೆಯಿಂದ ನಿಮ್ಮ ಸೊಸೆಯ ನಮಸ್ಕಾರ.

ನಾದಿನಿ ಇದನ್ನು ಓದಿ ಹೇಳುವಾಗ ನಡುವೆ ಎದ್ದು ಹೋಗಬೇಡಿ. ಪೂರ್ತಿ ಕೇಳಿ.

ಹೋದ ವಾರ ಫೋನಿನಲ್ಲಿ ನೀವೇ ಹೇಳಿದಿರಿ: “ಮನೆ ಸೋರ್ತದಂತಲ್ಲವ್ವ, ಗಂಡಸಿಲ್ದೆ ಎಂಗೆ ಬಾಳೀಯೆ? ಮನೋಹರ ಬಂದು ಸರಿ ಮಾಡ್ತಾನೆ, ಒಳಕ್ಕೆ ಸೇರಿಸ್ಕೊಂಬುಡು.” ಆ ನಿಮ್ಮ ಮಗನನ್ನು ಮನೆಯಿಂದ ಹೊರಗೆ ಹಾಕಿ ವರ್ಷವಾಗಿತ್ತು. ಸೋರುವ ತಗಡಿಗೋಸ್ಕರ ಮತ್ತೆ ಆ ಕೈಗೆ ನನ್ನ ಜುಟ್ಟು ಕೊಡಬೇಕೆ? ಮೈಯೆಲ್ಲ ಉರಿದುಹೋಯಿತು. ಥೂ, ನಾನೇ ಹತ್ತುತ್ತೇನೆ ಅಂದುಕೊಂಡೆ.

ನೀರು ತೊಟ್ಟಿಕ್ಕುತ್ತಿದ್ದದ್ದು ಮಗು ಗಗನಳ ಮಂಚದ ಮೇಲೆ. ಮಂಚದ ನೇರಕ್ಕೆ ಎಷ್ಟು ಹುಡುಕಿದರೂ ತಗಡಿನಲ್ಲಿ ಏನೂ ಕಾಣಲಿಲ್ಲ. ಭಾನುವಾರ ಮಟಮಟ ಮಧ್ಯಾಹ್ನ ಬಾಗಿಲು ಹಾಕಿ, ಕಿಟಕಿಗೆ ಕಂಬಳಿ ಕಟ್ಟಿ, ಒಳಗೆಲ್ಲ ಕತ್ತಲು ಮಾಡಿ ನೋಡಿದೆ. ಒಲೆಯ ಪಕ್ಕದ ನೆಲದ ಮೇಲೆ ಗೋಲಿಯಷ್ಟು ಬಿಸಿಲು ಬಿದ್ದಿತ್ತು. ತೂತು ಇದ್ದದ್ದು ಅಲ್ಲಿ. ನೀರು ತಗಡು ಹೊತ್ತ ಕಬ್ಬಿಣದ ಪೈಪಿನ ಗುಂಟ ಹರಿದು ಬಂದು ಮಂಚಕ್ಕೆ ಬೀಳುತ್ತಿತ್ತು. ಆ ಜಾಗ ನೋಡಿದ್ದೇ ಅದು ಯಾವ ತೂತೆಂದು ಗೊತ್ತಾಯಿತು.

ನಿಮಗೂ ಆ ಜಾಗ ನೆನಪಿದೆ. ಹೋದ ವರ್ಷ ಯುಗಾದಿಯ ಮಾರನೇ ದಿನ ನಾನು ಅಲ್ಲೇ ಬಿದ್ದಿದ್ದೆ. ನಿಮ್ಮ ಮಗ ನನ್ನ ತಲೆ ಒಡೆಯಲು ಹಾರೆ ಎತ್ತಿದ. ತಗ್ಗು ಸೂರು, ಹಾರೆಯ ಮೊನೆ ತಗಡಿಗೆ ಚುಚ್ಚಿ ಸಿಕ್ಕಿಕೊಂಡಿತು. ಅವನು ಅದನ್ನು ಕಿತ್ತುಕೊಳ್ಳುವಷ್ಟರಲ್ಲಿ ನೀವು ಅವನ ಕಾಲು ತಬ್ಬಿ ಹಿಡಿದಿರಿ. ಅವನು ಒದ್ದ ಏಟಿಗೆ ನಿಮ್ಮ ಮುಂದಿನ ಎರಡು ಹಲ್ಲು ಮುರಿದು ಸೆರಗೆಲ್ಲ ರಕ್ತವಾಯಿತು. ಸಂಜೆ ನೀವೇ ಸ್ಟೂಲು ಹತ್ತಿ, ಅದೇ ಸೆರಗನ್ನು ಹರಿದು ತೂತಿಗೆ ತುರುಕಿದಿರಿ. ಅಕ್ಕಪಕ್ಕದವರಿಗೆ “ಬಚ್ಚಲಲ್ಲಿ ಜಾರ್ಬುಟ್ಟೆ ಕಣ್ರವ್ವ” ಅಂದಿರಿ.

ಏಣಿ ತಂದು, ಟಾರು ಕಾಯಿಸಿ, ಡಬ್ಬ ಹಿಡಿದು ಮೇಲೆ ಹತ್ತಿದೆ. ತೂತಿನ ಅಂಚಿಗೆ ನಿಮ್ಮ ಸೀರೆಯ ಚೂರು ಕೊಳೆತು ಅಂಟಿಕೊಂಡಿತ್ತು. ಕಿತ್ತೆಸೆದೆ. ಅಷ್ಟರಲ್ಲಿ ನಿಮ್ಮ ಮಗ ಕುಡಿದು ಬಂದ. “ಗಂಡ ಸತ್ತನೇನೇ, ನೀನೇ ಸೂರು ಹತ್ತಕ್ಕೆ? ಇಳಿಯೇ ಕೆಳಕ್ಕೆ!” ಅಂತ ಏಣಿ ಅಲ್ಲಾಡಿಸಿದ. ಅಡ್ಡ ಬಂದ ಗಗನಳ ಕಪಾಳಕ್ಕೆ ಬಾರಿಸಿದ, ಮಗು ಗೋಡೆಗೆ ಬಡಿದು ಬಿದ್ದಿತು. ಆಮೇಲೆ ಏಣಿ ಹತ್ತತೊಡಗಿದ. “ಇನ್ನೊಂದು ಮೆಟ್ಟಿಲು ಹತ್ತಿದ್ರೆ ಸುರೀತೀನಿ” ಅಂದೆ. ನಕ್ಕ. ಹತ್ತಿದ. ತಗಡು ಹಿಡಿದಿದ್ದ ಅವನ ಬಲಗೈ ಮೇಲೆ ಸುರಿದುಬಿಟ್ಟೆ. ಚರ್ಮ ಸುಟ್ಟ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಅವನು ಕಿರುಚಿಕೊಂಡು ಕೆಳಗೆ ಬಿದ್ದ; ಜನ ಸೇರಿ ದೊಡ್ಡಾಸ್ಪತ್ರೆಗೆ ಸಾಗಿಸಿದರು. ನಾನು ಗಗನಳನ್ನು ಒಳಗೆ ಮಲಗಿಸಿ, ಉಳಿದ ಟಾರನ್ನು ಮತ್ತೆ ಕಾಯಿಸಿ, ತಗಡಿನ ಚೂರು ಅಂಟಿಸಿ ತೂತು ಮುಚ್ಚಿದೆ.

ಈಗ ನೀವು ಹೇಳಿಕಳಿಸಿದ್ದೀರಿ: “ಕೈ ಜಾರಿ ಬಿತ್ತು ಅಂದ್ಬುಡು ಕಣಮ್ಮ, ಇಬ್ರಿಗೂ ಕೇಸಾಗಕಿಲ್ಲ.” ಅತ್ತೆ, ಕೈ ಜಾರಲಿಲ್ಲ. ನಾನೇ ಸುರಿದೆ. ಠಾಣೆಯಲ್ಲೂ ಅದನ್ನೇ ಬರೆಸಿದ್ದೇನೆ. ಅವನು ಮಾತ್ರ, “ನಾನು ಯಾವತ್ತೂ ಕೈಯೆತ್ತಿದೋನಲ್ಲ, ಅವಳಿಗೆ ತಲೆ ಕೆಟ್ಟದೆ” ಎಂದು ಬರೆಸಿದ್ದಾನೆ. ಸೋಮವಾರ ನನ್ನನ್ನು ಮತ್ತೆ ಕರೆದಿದ್ದಾರೆ. ನನ್ನನ್ನು ಒಳಗೆ ಹಾಕಿದರೆ ಗಗನ ಅವನ ಪಾಲಾಗುತ್ತಾಳೆ. ಹಾರೆ ಎತ್ತಿದ್ದನ್ನು ಕಣ್ಣಾರೆ ಕಂಡವರು ನೀವೊಬ್ಬರೇ.

ಹೆತ್ತ ಕರುಳು, ನನಗೆ ಗೊತ್ತಿಲ್ಲವೆ? ನಿಮ್ಮ ಮೇಲೆ ಕೆಂಡದಂಥ ಸಿಟ್ಟೂ ಇದೆ, ಪ್ರೀತಿಯೂ ಇದೆ. ಅವತ್ತು ನೀವು ಕಾಲು ಹಿಡಿಯದಿದ್ದರೆ ಈ ಕಾಗದ ಬರೆಯಲು ನಾನಿರುತ್ತಿರಲಿಲ್ಲ. ನಿನ್ನೆ ಸಂಜೆ ಜೋರು ಮಳೆ ಬಂತು, ಮಂಚದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಪಕ್ಕದಲ್ಲಿ ನಿಮ್ಮ ಚಾಪೆ ಹಾಸಿಟ್ಟಿದ್ದೇನೆ, ಬಂದು ಇಲ್ಲೇ ಇರಿ.

ಅದಕ್ಕೂ ಮೊದಲು ಸೋಮವಾರ ಠಾಣೆಗೆ ಬನ್ನಿ. ಮಗನ ಮೇಲೆ ಮಾತು ಹೊರಡದಿದ್ದರೆ ಬೇಡ. ಸಾಹೇಬರ ಮುಂದೆ ಬಾಯಿ ತೆರೆದು ಆ ಎರಡು ಹಲ್ಲಿನ ಜಾಗ ತೋರಿಸಿ, ಸಾಕು.

ತಾಯಿ ಚಾಮುಂಡಿ ನಿಮ್ಮ ಕಾಲಿಗೆ ಠಾಣೆಯ ಮೆಟ್ಟಿಲು ಹತ್ತುವಷ್ಟು ಬಲ ಕೊಡಲಿ.

ನಿಮ್ಮ ಮೊಮ್ಮಗಳ ತಾಯಿ,
ಮಾಲಾ