ಸೀಟಿಲ್ಲ ಎನ್ನುವ ಮೊದಲು

ಭಾನುವಾರ, ಮಧ್ಯಾಹ್ನ ಮೂರು ಗಂಟೆ
ಮಾರ್ಚ್ ೯

ನನ್ನ ಮರಿಗೆ,

ಮೂವತ್ತೊಂದು ವರ್ಷದವಳನ್ನು ಇನ್ನೂ ಮರಿ ಎನ್ನುತ್ತಾಳೆ ಎಂದು ಮೂಗು ಮುರಿಯಬೇಡ. ಬೇರೆ ಯಾವ ಹೆಸರಿನಿಂದ ಶುರು ಮಾಡಲೂ ಕೈ ಬರಲಿಲ್ಲ. ನೀನು ನನ್ನ ಜೊತೆ ಮಾತು ಬಿಟ್ಟು ಎಂಟು ತಿಂಗಳಾಯಿತು. ವಾರಕ್ಕೆರಡು ಸಲ ಅಪ್ಪನ ಮೊಬೈಲಿಗೆ ಫೋನ್ ಮಾಡುತ್ತೀಯ. ಆಗ ನಾನು ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗದ ಹಾಗೆ ನಿಂತು ಕೇಳಿಸಿಕೊಳ್ಳುತ್ತೇನೆ. ನಾನು ಮಾಡಿದರೆ ಎತ್ತುವುದಿಲ್ಲ. ಕಾಗದವನ್ನಾದರೂ ಓದುತ್ತೀಯೇನೋ ಎಂದು ಬರೆಯುತ್ತಿದ್ದೇನೆ.

ಅಪ್ಪ ಪರವಾಗಿಲ್ಲ. ಬಲಗೈ ಇನ್ನೂ ಹೇಳಿದ ಮಾತು ಕೇಳುವುದಿಲ್ಲ. ಕಿಟಕಿಯ ಹತ್ತಿರ ಕೂತು ರಬ್ಬರ್ ಚೆಂಡು ಹಿಸುಕುತ್ತಾರೆ, ಅದು ಕೆಳಗೆ ಬೀಳುತ್ತದೆ, ನಾನು ಎತ್ತಿಕೊಡುತ್ತೇನೆ. ಮಾತು ನಿಧಾನ, ಆದರೆ ಅಡುಗೆಗೆ ಉಪ್ಪು ಕಡಿಮೆ ಎಂದು ಹೇಳುವಷ್ಟು ಸ್ಪಷ್ಟ. ನನಗೇನಾಗಿದೆ ಎಂದರೆ, ಸುಸ್ತು. ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ನೀನು ಕೇಳಿದ್ದು ನೆನಪಿದೆಯಾ? ಲಕ್ವ ಹೊಡೆಯುವ ಮುಂಚೆ ಮೂರು ದಿನದಿಂದ ಕೈ ಜೋಮು ಹಿಡಿಯುತ್ತಿತ್ತಂತೆ, ಪಕ್ಕದ ಮನೆಯವರು ಹೇಳಿದರು, ಅಪ್ಪ ನಿನಗೆ ಹೇಳಲೇ ಇಲ್ಲವಾ ಎಂದೆ. ಒಂದು ಮಾತೂ ಹೇಳಲಿಲ್ಲ ಕಣೇ ಎಂದೆ ನಾನು. ಹೇಳಿದ್ದರೂ ನೀನು ಸಾಲಿನಲ್ಲೇ ನಿಲ್ಲಿಸುತ್ತಿದ್ದೆ ಬಿಡು ಎಂದು ನೀನು ಮುಖ ತಿರುಗಿಸಿದೆ. ಅದೇ ನಮ್ಮ ಕೊನೆಯ ಮಾತು. ಆ ಮಾತಿಗೆ ಈ ಎಂಟು ತಿಂಗಳು ನಿನ್ನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಇನ್ನು ಆ ಸಿಟ್ಟನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಯಾಕೆ ಎಂದು ಹೇಳುತ್ತೇನೆ.

ಮೂರು ತಿಂಗಳ ಹಿಂದೆ ನಮ್ಮ ಡಾಕ್ಟರಮ್ಮ ಒಂದು ಸಮಿತಿ ಮಾಡಿದರು. ಕ್ಲಿನಿಕ್ಕಿಗೆ ಫೋನ್ ಸಿಗುವುದೇ ಇಲ್ಲ, ಟೋಕನ್ ಸಿಗುವುದೇ ಇಲ್ಲ ಎಂದು ದೂರಿನ ಮೇಲೆ ದೂರು. ಸರಿ, ದೂರು ಹೇಳುವವರನ್ನೇ ಕೂರಿಸಿ ಕೇಳೋಣ ಎಂದರು. ಎರಡು ವಾರಕ್ಕೊಮ್ಮೆ ಬುಧವಾರ ಸಂಜೆ, ಔಷಧಿ ರೂಮಿನ ಪಕ್ಕದ ಕೋಣೆಯಲ್ಲಿ. ಮೂವರು ರೋಗಿಗಳು, ಡಾಕ್ಟರಮ್ಮ, ಕೌಂಟರಿನ ಪರವಾಗಿ ನಾನು. ಇಪ್ಪತ್ತೆರಡು ವರ್ಷ ಅವರೆಲ್ಲ ಗಾಜಿನ ಆ ಕಡೆ, ನಾನು ಈ ಕಡೆ. ಈಗ ಒಂದೇ ಮೇಜು. ನನಗಂತೂ ಮುಳ್ಳಿನ ಮೇಲೆ ಕೂತ ಹಾಗಿತ್ತು.

ಮೊದಲ ದಿನವೇ ನೀರಿಳಿಸಿದರು. ಆ ಮೂವರಲ್ಲಿ ಒಬ್ಬಳು ಟೈಲರಮ್ಮ, ಅವಳು ಹೇಳಿದಳು, ಎಂಟು ಗಂಟೆಗೆ ಫೋನ್ ಮಾಡಿ ಅಂತೀರಾ, ಎಂಟು ಗಂಟೆಗೆ ನಾನು ಬಸ್ಸಲ್ಲಿ ಒಂದು ಕೈಯಲ್ಲಿ ಕಂಬಿ ಹಿಡ್ಕೊಂಡು ನೇತಾಡ್ತಿರ್ತೀನಿ, ಇನ್ನೊಂದು ಕೈಯಲ್ಲಿ ಚೀಲ, ಫೋನ್ ಏನು ಕಾಲಲ್ಲಿ ಮಾಡ್ಲಾ ಎಂದು. ಕಿವಿ ಕೇಳದ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ. ಅವರು ಚೀಟಿಯಲ್ಲಿ ಬರೆದು ಕೊಟ್ಟರು: ನಾನು ಖುದ್ದಾಗಿ ಕೌಂಟರಿಗೆ ಬಂದಿದ್ದೆ, ಮನೆಗೆ ಹೋಗಿ ಫೋನ್ ಮಾಡಿ ಎಂದು ನೀವೇ ಕೈಸನ್ನೆ ಮಾಡಿದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಜವಾಗಿಯೂ ಹಾಗೆ ಮಾಡಿದ್ದೆ, ಮರಿ.

ನಿನಗೆ ಗೊತ್ತಲ್ಲ ನನ್ನ ಪದ್ಧತಿ. ದಿನಕ್ಕೆ ಮೂವತ್ತು ಟೋಕನ್. ಎಂಟಕ್ಕೆ ಫೋನ್ ಶುರು, ಎಂಟೂ ಇಪ್ಪತ್ತಕ್ಕೆ ಖಾಲಿ. ಆಮೇಲೆ ಯಾರು ಮಾಡಿದರೂ ನನ್ನದು ಒಂದೇ ಗಿಣಿಪಾಠ: ಇವತ್ತಿಂದು ಮುಗೀತು, ನಾಳೆ ಎಂಟಕ್ಕೆ ಮಾಡಿ. ಇಟ್ಟರೆ ಇನ್ನೊಂದು ಬಡಿದುಕೊಳ್ಳುತ್ತದೆ, ಅದಕ್ಕೂ ಅದೇ. ಬಂಧು ಬಳಗ ಯಾರಿಗೂ ಸಾಲು ಮುರಿಯಲಿಲ್ಲ. ನಿನಗೆ ಕಿವಿನೋವು ಬಂದಾಗ ಹತ್ತು ವರ್ಷದವಳನ್ನು ಹದಿನೇಳನೇ ನಂಬರಿಗೆ ಕಾಯಿಸಿದೆ. ಆ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ. ನೀನು ಎದ್ದು ಒಳಗೆ ಹೋಗುತ್ತಿದ್ದೆ, ಅಪ್ಪ ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು.

ಸಮಿತಿಯ ಮೂರನೆಯವರು ಬಸ್ ಕಂಡಕ್ಟರ್ ಆಗಿದ್ದವರು. ಹೆಚ್ಚು ಮಾತಾಡುವವರಲ್ಲ. ಎರಡನೇ ಸಭೆಯಲ್ಲಿ ಅವರು ಹೇಳಿದರು, ಅಮ್ಮಾ, ನಾನು ಮೂವತ್ತು ವರ್ಷ ತುಂಬಿದ ಬಸ್ಸಿನ ಬಾಗಿಲಲ್ಲಿ ನಿಂತವನು, ಸೀಟಿಲ್ಲ ಅನ್ನೋದು ಸುಲಭ, ಆದ್ರೆ ಸೀಟಿಲ್ಲ ಅನ್ನೋ ಮುಂಚೆ ಎಲ್ಲಿಗೆ ಹೋಗ್ಬೇಕು ಅಂತ ಕೇಳ್ತಿದ್ದೆ, ಆಸ್ಪತ್ರೆಗೆ ಅಂದ್ರೆ ಹೇಗಾದ್ರೂ ಹತ್ತಿಸ್ಕೊಳ್ತಿದ್ದೆ. ನನಗೆ ಕೋಪವೇ ಬಂತು. ಬಸ್ಸಿನಲ್ಲಿ ನಿಂತು ಹೋಗಬಹುದು, ಡಾಕ್ಟರ ಮುಂದೆ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರನ್ನು ಕೂರಿಸಲಾ ಎಂದು ಕೇಳಿಯೇಬಿಟ್ಟೆ. ಆದರೂ ಅವರ ಮಾತೇ ನಿಂತಿತು. ಈಗ ಆರು ಟೋಕನ್ ತೆಗೆದಿಡುತ್ತೇವೆ. ಮುಗೀತು ಎನ್ನುವ ಮುಂಚೆ ಏನಾಗ್ತಿದೆ ಎಂದು ಕೇಳುತ್ತೇನೆ. ಮೊನ್ನೆ ಒಬ್ಬರು ಎದೆ ಬಿಗಿಯುತ್ತಿದೆ ಎಂದರು, ನೇರ ಒಳಗೆ ಕಳಿಸಿದೆ, ಅಲ್ಲಿಂದ ದೊಡ್ಡಾಸ್ಪತ್ರೆಗೆ. ಬದುಕಿದ್ದಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮೊದಲು ಎಷ್ಟು ಜನಕ್ಕೆ ಇಲ್ಲ ಎಂದಿದ್ದೆವು, ಈಗ ಎಷ್ಟು ಎಂದು ಹೋಲಿಸಬೇಕಲ್ಲ. ನಮ್ಮ ಪುಸ್ತಕದಲ್ಲಿ ಬಂದವರ ಹೆಸರು ಮಾತ್ರ ಇರುತ್ತದೆ, ಬರಲಾಗದವರದು ಎಲ್ಲೂ ಇಲ್ಲ. ಅದಕ್ಕೆ ಫೋನ್ ಕಂಪನಿಯಿಂದ ಹಳೆಯ ಒಂದು ತಿಂಗಳ ಪಟ್ಟಿ ತರಿಸಿದರು: ಯಾವ ನಂಬರು, ಎಷ್ಟು ಹೊತ್ತಿಗೆ, ಲೈನ್ ಸಿಕ್ಕಿತೇ ಇಲ್ಲವೇ. ತುಂಬಾ ಜ್ವರ ಇದ್ದ ತಿಂಗಳಾಗಲಿ ಎಂದು ಮೇಷ್ಟ್ರು ಕಳೆದ ಜುಲೈ ಎಂದು ಬರೆದು ತೋರಿಸಿದರು. ಎಣಿಸುವ ಕೆಲಸ ನನ್ನ ತಲೆಗೆ ಬಂತು. ಹೋದ ಭಾನುವಾರ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಸ್ಕೇಲ್ ಇಟ್ಟು, ಸಾಲು ಸಾಲಾಗಿ ಇಳಿಸುತ್ತಾ ಬಂದೆ. ಎದುರಿಗೆ ಅಪ್ಪ, ಅವರ ಚೆಂಡು. ನಾಲ್ಕನೇ ಹಾಳೆಯಲ್ಲಿ ಅಪ್ಪನ ಮೊಬೈಲ್ ನಂಬರು ಇತ್ತು.

ಅವರು ಬಿದ್ದ ದಿನ ಮತ್ತು ಅದರ ಹಿಂದಿನ ಎರಡು ದಿನ. ಎಲ್ಲವೂ ಬೆಳಿಗ್ಗೆ ಎಂಟರ ನಂತರ, ನಾನು ಮನೆ ಬಿಟ್ಟ ಮೇಲೆ. ಒಟ್ಟು ಹನ್ನೊಂದು ಸಲ.

ಅವರು ನನಗೆ ಹೇಳಲಿಲ್ಲ ಎಂದದ್ದು ಸುಳ್ಳಲ್ಲ. ಎಲ್ಲರ ಹಾಗೆ ಸಾಲಿನಲ್ಲಿ ನಿಂತಿದ್ದರು. ರಾತ್ರಿ ಅದೇ ಮೇಜಿನಲ್ಲಿ ನನ್ನ ಎದುರು ಊಟ ಮಾಡಿ, ಬೆಳಿಗ್ಗೆ ನನ್ನ ಕ್ಲಿನಿಕ್ಕಿಗೆ ಫೋನ್ ಹಚ್ಚುತ್ತಾ ಕೂತಿದ್ದರು. ನನ್ನ ಮೊಬೈಲಿಗೆ ಮಾಡಬಹುದಿತ್ತು. ಆದರೆ ಕೆಲಸದ ಹೊತ್ತಿನಲ್ಲಿ ಮೊಬೈಲ್ ಡ್ರಾಯರಿನಲ್ಲಿ ಇರಬೇಕು ಎನ್ನುವುದೂ ನಾನೇ ತಂದ ನಿಯಮ. ಹೆಂಡತಿ ಟೋಕನ್ ಕೊಡುವ ಕಡೆ ಗಂಡನಿಗೆ ಟೋಕನ್ ಇಲ್ಲ. ದೀಪದ ಕೆಳಗೆ ಕತ್ತಲು ಎಂದು ಸುಮ್ಮನೆ ಹೇಳುವುದಿಲ್ಲ.

ನೀನು ಹೇಳಿದ್ದು ಸರಿ ಇತ್ತು. ಅವರು ಹೇಳದಿದ್ದರೂ ನಾನು ಸಾಲಿನಲ್ಲಿ ನಿಲ್ಲಿಸಿಯೇ ಇದ್ದೆ. ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಒಂದು ಸಲ ಬಾ. ನನ್ನ ಜೊತೆ ಮಾತಾಡದಿದ್ದರೂ ಸರಿ, ಅಪ್ಪನ ಎದುರು ಕೂರು. ಚೆಂಡನ್ನು ನೀನು ಎತ್ತಿಕೊಡು.

ಇಂತಿ,
ನಿನ್ನ ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಹನ್ನೊಂದು ಸಲ ಎಂದು ಬರೆದು ಅಲ್ಲಿಗೇ ಬಿಟ್ಟಿದ್ದೆ, ಒಂದೂ ಸಿಗಲಿಲ್ಲ ಎಂದು ನೀನು ತಿಳಿದುಕೊಳ್ಳಲಿ ಎಂದು. ಹತ್ತು ಸಿಗಲಿಲ್ಲ. ಹನ್ನೊಂದನೆಯದು ಸಿಕ್ಕಿತ್ತು. ಅವರು ಬಿದ್ದ ದಿನ, ಎಂಟೂ ಮೂವತ್ತೊಂದಕ್ಕೆ, ಏಳು ಸೆಕೆಂಡು. ಎತ್ತಿದವಳು ನಾನು, ಆ ಕೌಂಟರಿನಲ್ಲಿ ಬೇರೆ ಯಾರಿದ್ದಾರೆ. ನನ್ನ ಗಿಣಿಪಾಠ ಹೇಳಿ ಇಡುವುದಕ್ಕೆ ಏಳು ಸೆಕೆಂಡು ಸರಿಯಾಗಿ ಸಾಕು, ಗಡಿಯಾರ ಇಟ್ಟು ನೋಡಿದೆ. ಆ ಕಡೆ ಯಾರು ಎಂದು ನಾನು ಕೇಳಲೇ ಇಲ್ಲ. ಬುಧವಾರ ಸಭೆಯಲ್ಲಿ ಪಟ್ಟಿ ಓದುವಾಗ ಆ ಸಾಲನ್ನೂ ಓದುತ್ತೇನೆ, ಯಾರ ನಂಬರು ಎಂದೂ ಹೇಳುತ್ತೇನೆ.

ಅಪ್ಪನಿಗೆ ಮಾತು ವಾಪಸ್ ಬಂದು ನಾಲ್ಕು ತಿಂಗಳಾಯಿತು, ಒಂದು ದಿನವೂ ಇದನ್ನು ಎತ್ತಲಿಲ್ಲ. ಈಗ ಹಾಳೆ ತೋರಿಸಿ, ಎತ್ತಿದ್ದು ನಾನೇ ಅಂತ ಗೊತ್ತಿತ್ತಲ್ಲ, ನಾನು ಕಣೇ ಅಂತ ಒಂದು ಮಾತು ಅನ್ನಬಾರದಿತ್ತಾ ಎಂದು ಕೇಳಿದೆ. ಚೆಂಡನ್ನು ಮೇಜಿನ ಮೇಲಿಟ್ಟರು. ಆಮೇಲೆ ಒಂದೊಂದೇ ಮಾತು ಕೂಡಿಸಿ ಹೇಳಿದರು: ನಿನ್ನ ದನಿ ಕೇಳಿದೆ, ಬೆಳಿಗ್ಗೇನೇ ಎಷ್ಟು ಸುಸ್ತಾಗಿದಾಳೆ ಅನ್ನಿಸ್ತು, ಮತ್ತೆ ಮಾಡಲಿಲ್ಲ.