ಖಾಲಿ ಬರುತ್ತಿದ್ದೇವೆ

ಹಡಗು ಕಂಪನಿಯ ಮೆಟ್ಟಿಲ ಮೇಲಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ನಿನ್ನ ಕೆಮ್ಮು ಇಳಿಯಿತೇ? ಎಂಜಿನ್ ಕೋಣೆಯಲ್ಲಿ ಬೆವೆತು ನೇರ ಗಾಳಿಗೆ ಬರಬೇಡ ಅಂದರೆ ಕೇಳುವ ಜಾಯಮಾನ ನಿನ್ನದಲ್ಲ. ಅಮ್ಮ ಗೋಡೆಗೆ ಒರಗಿ ಕೂತಿದ್ದಾಳೆ, ಅಳುತ್ತಲೂ ಇಲ್ಲ. ನಾನು ಇದ್ದೇನೆ, ಅಷ್ಟೇ.

ನಿನ್ನ ಭಾವನ ಹಡಗು ಹೋಯಿತು ಕಣೋ, ನಿನ್ನೆ ಸುದ್ದಿ ಬಂತು. ಜಲಾಂತರ್ಗಾಮಿ ಹೊಡೆದಿದೆ. ಒಬ್ಬರೂ ಉಳಿದಿಲ್ಲ. ಬರೆದದ್ದನ್ನು ಓದಿದರೆ ಬೇರೆ ಯಾರದೋ ಮನೆಯ ಸುದ್ದಿಯ ಹಾಗಿದೆ. ಬೆಳಿಗ್ಗೆ ಅವರ ಅಂಗಿಗೆ ಗುಂಡಿ ಹೊಲಿದೆ. ದಾರ ಕಚ್ಚಿ ಕತ್ತರಿಸಿದ ಮೇಲೆ ನೆನಪಾಯಿತು, ತೊಡುವವರು ಇಲ್ಲ ಅಂತ.

ಎಣ್ಣೆ ಇಳಿಸಿದ ಮೇಲೆ ಅವರು "ಖಾಲಿ ಬರುತ್ತಿದ್ದೇವೆ" ಅಂತ ತಂತಿ ಕೊಟ್ಟಿದ್ದರು. ನಮ್ಮ ಮನೆಯಲ್ಲಿ ಖಾಲಿ ಅಂದರೆ ಒಳ್ಳೆಯ ಸುದ್ದಿ. "ಖಾಲಿ ಹಡಗನ್ನ ಯಾವ ನಾಯಿ ಮೂಸುತ್ತೆ?" ಅಂತ ಅವರು ನಗುತ್ತಿದ್ದುದು ನಿನಗೂ ಗೊತ್ತಲ್ಲ. ಅಮ್ಮ ತಂತಿ ಕೇಳಿ, "ಖಾಲಿ ತಾನೇ? ಇನ್ನು ಕಾಲು ಚಾಚಿ ಮಲಗು ಮಗಳೇ" ಅಂದಳು. ಮಲಗಿದೆ. ಅದೇ ಹೊತ್ತಿಗೆ ಅಲ್ಲಿ ಅವರು ಸುಟ್ಟುಹೋದರು.

ಇಲ್ಲಿಗೆ ಬಂದು ಕೇಳಿದರೆ ಗುಮಾಸ್ತ ಏನೆಂದ ಗೊತ್ತೇ? "ಪುಣ್ಯಕ್ಕೆ ಹಡಗು ಖಾಲಿ ಇತ್ತಮ್ಮಾ." ಹಾಗಾದರೆ ಒಳಗಿದ್ದವರು ಯಾರಪ್ಪಾ, ಇಲಿಗಳಾ ಅಂದೆ. ತಡವರಿಸಿ, ಸಮಾಧಾನ ಹೇಳುವವನ ಹಾಗೆ, "ಖಾಲಿ ಟ್ಯಾಂಕಲ್ಲಿ ಎಣ್ಣೆಯ ಆವಿ ತುಂಬಿರುತ್ತೆ, ಒಂದೇ ಏಟಿಗೆ ಸಿಡಿಯುತ್ತೆ, ನೋವೂ ಗೊತ್ತಾಗಲ್ಲ" ಅಂದ. ಅಂದರೆ ಇವರಿಗೆ ಗೊತ್ತಿತ್ತು! ಗೊತ್ತಿದ್ದೇ ಹೋಗುವಾಗ ಯುದ್ಧನೌಕೆಯ ಕಾವಲು ಕೊಟ್ಟರು, ಬರುವಾಗ ಒಂಟಿಯಾಗಿ ಬಿಟ್ಟರು. ಕಾವಲು ಎಣ್ಣೆಗೆ ಕಣೋ, ಮನುಷ್ಯರಿಗಲ್ಲ. ಹಡಗಿಗೆ ಹೊಡೆದವನು ಶತ್ರು, ಸರಿ. ಬಾಂಬಿನೊಳಗೆ ಕೂರಿಸಿ ಕಳಿಸಿದವನನ್ನು ಏನೆಂದು ಕರೆಯಲಿ?

ಅಮ್ಮ ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದಾಳೆ ಅಂದುಕೋ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ

ಮರೆತದ್ದಲ್ಲ, ಇಷ್ಟು ಹೊತ್ತು ಬರೆಯಲು ಕೈ ಬರಲಿಲ್ಲ: ನಿನ್ನ ಹಡಗೂ ಗುರುವಾರ ಕಾವಲಿಲ್ಲದೆ ಖಾಲಿ ಹೊರಡುತ್ತದಂತೆ, ಅದೇ ಗುಮಾಸ್ತ ಬಾಯಿಬಿಟ್ಟ. ಅದಕ್ಕೇ ಇದನ್ನು ಅಂಚೆಗೆ ಹಾಕದೆ ನಿನ್ನ ಬಂದರಿಗೆ ಹೊರಟ ಲಾರಿ ಚಾಲಕನ ಕೈಯಲ್ಲಿ ಕಳಿಸುತ್ತಿದ್ದೇನೆ. ಟ್ಯಾಂಕಿನ ಆವಿ ತೆಗೆಸದೆ, ಕಾವಲು ಬಾರದೆ ಹೊರಡಬೇಡ. ಹೇಡಿ ಅಂತಾರೆ, ದೇಶದ್ರೋಹಿ ಅಂತಾರೆ, ಅನ್ನಲಿ. ಭಾವನ ಹಡಗಿನವರ ಹೆಂಡತಿಯರು, ತಾಯಂದಿರು ಎಲ್ಲ ಇಲ್ಲೇ ಬಾಗಿಲಿಗೆ ಅಡ್ಡ ಕೂತಿದ್ದೇವೆ. ಆದರೆ ನೀನೊಬ್ಬನೇ ಇಳಿದು ಓಡಿ ಬಂದರೆ ಮನೆಗೆ ಸೇರಿಸಲ್ಲ. ಎಲ್ಲರನ್ನೂ ಇಳಿಸು.